ನಮ್ಮ ಮೇಲೆ ನಾವೇ ಕೊಟ್ಟುಕೊಂಡ ಹಳೆಯ ತೀರ್ಪು

ಯಾರನ್ನೇ ಆಗಲಿ ಸ್ವಲ್ಪ ಹೊತ್ತು ಮಾತಾಡಲು ಬಿಡಿ, ತಮ್ಮ ಬಗ್ಗೆ ಒಂದು ತೀರ್ಪನ್ನು ಹೇಳಿಯೇ ಹೇಳುತ್ತಾರೆ. "ನಂಗೆ ಲೆಕ್ಕ ತಲೆಗೆ ಹತ್ತಲ್ಲ." "ನಾನು ಮೊದಲಿಂದಲೂ ಮುಂಗೋಪಿ." "ನಾಲ್ಕು ಜನರ ಮುಂದೆ ನನಗೆ ಬಾಯೇ ಬರಲ್ಲ." "ಹಿಡಿದ ಕೆಲಸ ಯಾವುದೂ ನನ್ನ ಕೈಲಿ ದಡ ಮುಟ್ಟಲ್ಲ." ಇದನ್ನೆಲ್ಲ ಅವರು ದುಃಖದಿಂದೇನೂ ಹೇಳುವುದಿಲ್ಲ. ತಮ್ಮ ಎತ್ತರ ಎಷ್ಟು, ಹುಟ್ಟಿದ ದಿನ ಯಾವುದು ಎಂದು ಹೇಳುವಷ್ಟೇ ಸಹಜವಾಗಿ ಹೇಳುತ್ತಾರೆ. ಅದು ತಪ್ಪಿರಬಹುದು ಎಂಬ ಅನುಮಾನವೇ ಆ ದನಿಯಲ್ಲಿ ಇರುವುದಿಲ್ಲ.

ಎಲ್ಲಿಂದ ಬಂತು ಇದು ಎಂದು ಕೆದಕುತ್ತ ಹೋದರೆ ಬಹಳ ಸಲ ಬಾಲ್ಯದಲ್ಲಿ ಯಾರೋ ಆಡಿದ ಮಾತಿಗೆ ಹೋಗಿ ಮುಟ್ಟುತ್ತದೆ. ಅಕ್ಕನ ಜೊತೆ ಹೋಲಿಸಿ ನೋಡಿದ ಅಪ್ಪ, ತರಗತಿಯ ಎದುರು ನಕ್ಕುಬಿಟ್ಟ ಮೇಷ್ಟರು, ಬಂಧುಗಳ ಮುಂದೆ "ಇವನು ಸ್ವಲ್ಪ ಮಂದ" ಎಂದು ಪರಿಚಯಿಸಿದ ಮನೆಯವರು. ಹೇಳಿದವರು ಆವತ್ತೇ ಮರೆತಿರುತ್ತಾರೆ. ಕೇಳಿಸಿಕೊಂಡವರು ಹದಿನೈದನೇ ವಯಸ್ಸಿನ ಫೋಟೋ ಇರುವ ಗುರುತಿನ ಚೀಟಿಯನ್ನು ನಲವತ್ತೈದರಲ್ಲೂ ತೋರಿಸುತ್ತ ಓಡಾಡುತ್ತಾರೆ. ಮುಖ ಬದಲಾಗಿರುತ್ತದೆ, ಚೀಟಿ ಬದಲಾಗಿರುವುದಿಲ್ಲ.

ನಮ್ಮ ಸುಖಕ್ಕೂ ಸಾಧನೆಗೂ ಅಡ್ಡ ಬರುವುದು ನಮ್ಮ ಸ್ವಭಾವಕ್ಕಿಂತ ಹೆಚ್ಚಾಗಿ ಈ ಹಳೆಯ ಚೀಟಿ ಎಂದು ನನಗೆ ವರ್ಷಗಳಿಂದ ಅನ್ನಿಸುತ್ತಿದೆ. ಮನುಷ್ಯ ನಿಧಾನವಾಗಿಯಾದರೂ ಬದಲಾಗುತ್ತಾನೆ. ತನ್ನ ಬಗ್ಗೆ ತಾನು ಇಟ್ಟುಕೊಂಡ ಅಭಿಪ್ರಾಯ ಅವನಿಗಿಂತ ನಿಧಾನ.

ಮೊದಲು ಸ್ವಭಾವದ ಮಾತು. "ಹುಟ್ಟುಗುಣ ಸುಟ್ಟರೂ ಹೋಗದು" ಎಂಬ ಗಾದೆಯನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಅದರಲ್ಲಿ ಅರ್ಧ ಸತ್ಯವಂತೂ ಇದೆ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರೆಯಾಗಿ ತೋರಿಸುವ ಸುಮಾರು 18,000 ಪದಗಳನ್ನು ಪಟ್ಟಿ ಮಾಡಿದರು. ಆ ರಾಶಿಯನ್ನು ಮುಂದಿನವರು ದಶಕಗಳ ಕಾಲ ಜರಡಿ ಹಿಡಿದಾಗ ಕೊನೆಗೆ ಐದು ದೊಡ್ಡ ಗುಣಗಳು ಉಳಿದವು: ಹೊಸದಕ್ಕೆ ತೆರೆದುಕೊಳ್ಳುವ ಮನಸ್ಸು, ಅಚ್ಚುಕಟ್ಟುತನ, ಜನರೊಡನೆ ಬೆರೆಯುವ ಗುಣ, ಹೊಂದಿಕೊಂಡು ಹೋಗುವ ಗುಣ, ಬೇಗ ಕಳವಳಗೊಳ್ಳುವ ಗುಣ. ನಾವೆಲ್ಲರೂ ಈ ಐದರಲ್ಲೂ ಎಲ್ಲೋ ಒಂದು ಕಡೆ ನಿಂತಿರುತ್ತೇವೆ, ಕೆಲವರು ಆ ತುದಿಗೆ, ಕೆಲವರು ಈ ತುದಿಗೆ, ಬಹುಪಾಲು ಜನ ನಡುವೆ. ಅವಳಿಗಳ ಮೇಲೆ ನಡೆದ ಅಧ್ಯಯನಗಳು ಜನರ ನಡುವಿನ ಈ ವ್ಯತ್ಯಾಸಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅನುವಂಶೀಯತೆಯಿಂದ ಬರುತ್ತದೆ ಎನ್ನುತ್ತವೆ. ಗಾದೆಗೆ ಸಿಗುವ ಬೆಂಬಲ ಅಷ್ಟು.

ಆದರೆ ಸುಟ್ಟರೂ ಹೋಗದು ಎನ್ನುವ ಭಾಗ ನಿಲ್ಲುವುದಿಲ್ಲ. 2006ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು, ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 92 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ವಯಸ್ಸಾದಂತೆ ಜನ ಸರಾಸರಿಯಾಗಿ ಹೆಚ್ಚು ಅಚ್ಚುಕಟ್ಟಾಗುತ್ತಾರೆ, ಮನಸ್ಸು ಹೆಚ್ಚು ಸ್ಥಿರವಾಗುತ್ತದೆ. ಅದರಲ್ಲೂ ಇಪ್ಪತ್ತರಿಂದ ನಲವತ್ತರ ನಡುವೆ ಈ ಬದಲಾವಣೆ ಜೋರು. ಹದಿಹರೆಯಕ್ಕೇ ನಮ್ಮ ಸ್ವಭಾವ ಎರಕ ಹೊಯ್ದ ಹಾಗೆ ಗಟ್ಟಿಯಾಗುತ್ತದೆ ಎಂದು ನಂಬಿದ್ದವರಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ. ತಮಾಷೆಗೂ "ನಾನು ಹೀಗೇ, ಬದಲಾಗಲ್ಲ" ಎನ್ನಬೇಡಿ ಎಂದು ನಾನು ಎಳೆಯರಿಗೆ ಹೇಳುವುದು ಈ ಕಾರಣಕ್ಕೆ. ಹಾಗೆ ಹೇಳುವ ವಯಸ್ಸಿನಲ್ಲೇ ಅವರು ಅತಿ ಹೆಚ್ಚು ಬದಲಾಗುತ್ತಿರುತ್ತಾರೆ.

ಸ್ವಭಾವಕ್ಕೂ ಸುಖಕ್ಕೂ ನಂಟಿದೆಯೇ? ಇದೆ, ಗಟ್ಟಿಯಾಗಿಯೇ ಇದೆ. ಪಾಲ್ ಕೋಸ್ಟಾ ಮತ್ತು ರಾಬರ್ಟ್ ಮೆಕ್‌ಕ್ರೇ 1980ರಲ್ಲಿ ತೋರಿಸಿದ ಹಾಗೆ, ಬೆರೆಯುವ ಗುಣ ಇರುವವರಲ್ಲಿ ಹಿತವಾದ ಭಾವನೆಗಳು ಹೆಚ್ಚು, ಬೇಗ ಕಳವಳಗೊಳ್ಳುವವರಲ್ಲಿ ಕಹಿ ಭಾವನೆಗಳು ಹೆಚ್ಚು. ಇವೆರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲ ಎನ್ನುವುದೇ ಇಲ್ಲಿ ಗಮನಿಸಬೇಕಾದ್ದು. ಒಬ್ಬ ಮನುಷ್ಯ ಬಹಳ ಸಂತೋಷಪಡಬಲ್ಲವನೂ ಬಹಳ ನೋಯಬಲ್ಲವನೂ ಆಗಿರಬಹುದು. ಅಂಥವರು ತಮ್ಮನ್ನು ತಾವು ವಿಚಿತ್ರ ಎಂದುಕೊಂಡು ಕೊರಗುವುದನ್ನು ನೋಡಿದ್ದೇನೆ. ಅದರಲ್ಲಿ ವಿಚಿತ್ರ ಏನೂ ಇಲ್ಲ.

ಕೆಲಸದ ಮಾತಿಗೆ ಬಂದರೆ, 1991ರಲ್ಲಿ ಮರ್ರೇ ಬ್ಯಾರಿಕ್ ಮತ್ತು ಮೈಕಲ್ ಮೌಂಟ್ ಬೇರೆ ಬೇರೆ ಉದ್ಯೋಗಗಳವರ ಮೇಲಿನ ಅಧ್ಯಯನಗಳನ್ನು ಕಲೆಹಾಕಿದಾಗ, ಐದು ಗುಣಗಳಲ್ಲಿ ಎಲ್ಲ ಬಗೆಯ ಕೆಲಸದಲ್ಲೂ ಕೈಹಿಡಿದದ್ದು ಅಚ್ಚುಕಟ್ಟುತನ ಒಂದೇ. ಚುರುಕು ಮಾತು, ಎದ್ದು ಕಾಣುವ ವ್ಯಕ್ತಿತ್ವ ಇವೆಲ್ಲ ಕೆಲವು ಕೆಲಸಗಳಿಗೆ ಮಾತ್ರ ಅನುಕೂಲ. ಹೇಳಿದ ಹೊತ್ತಿಗೆ ಹೇಳಿದ್ದನ್ನು ಮುಗಿಸುವ ಗುಣ ಎಲ್ಲೆಡೆ ಬೆಲೆ ಬಾಳುತ್ತದೆ. ನ್ಯೂಜಿಲೆಂಡಿನ ಡ್ಯುನಿಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಇಂದಿಗೂ ಹಿಂಬಾಲಿಸುತ್ತಿರುವ ಅಧ್ಯಯನವೊಂದಿದೆ. ಬಾಲ್ಯದಲ್ಲಿ ತಮ್ಮನ್ನು ತಾವು ಹತೋಟಿಯಲ್ಲಿ ಇಟ್ಟುಕೊಳ್ಳಬಲ್ಲವರಾಗಿದ್ದ ಮಕ್ಕಳು 32ನೇ ವಯಸ್ಸಿನ ಹೊತ್ತಿಗೆ ಆರೋಗ್ಯದಲ್ಲೂ ಹಣಕಾಸಿನಲ್ಲೂ ಉತ್ತಮ ಸ್ಥಿತಿಯಲ್ಲಿದ್ದರು ಎಂದು 2011ರ ವರದಿ ಹೇಳುತ್ತದೆ. ಮನೆಯ ಸ್ಥಿತಿಗತಿ ಮತ್ತು ಬುದ್ಧಿಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ವ್ಯತ್ಯಾಸ ಉಳಿಯಿತು. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ನನಗೆ ಅದೇ ಮುಖ್ಯ: ಬೆಳೆಯುತ್ತ ಬೆಳೆಯುತ್ತ ಹತೋಟಿ ಕಲಿತ ಮಕ್ಕಳ ಸ್ಥಿತಿ, ಚಿಕ್ಕಂದಿನ ಅಳತೆ ನೋಡಿ ನಿರೀಕ್ಷಿಸಬಹುದಾಗಿದ್ದಕ್ಕಿಂತ ಚೆನ್ನಾಗಿತ್ತು.

ಇಷ್ಟಾದರೂ, ಸ್ವಭಾವ ಅನುಕೂಲವಾಗಿದ್ದು ಸಾಧನೆಯೂ ಕೈಗೆ ಬಂದ ಮೇಲೆ ಮನುಷ್ಯ ಸುಖವಾಗಿರುತ್ತಾನೆ ಎನ್ನಲು ಬರುವುದಿಲ್ಲ. ನಡುವೆ ನಿಲ್ಲುವುದು ತನ್ನ ಬಗೆಗಿನ ತನ್ನ ನೋಟ.

ನನ್ನ ದೊಡ್ಡಮ್ಮನ ಓದು ನಾಲ್ಕನೇ ಕ್ಲಾಸಿಗೆ ನಿಂತಿತ್ತು. ದೊಡ್ಡಪ್ಪ ಇದ್ದಕ್ಕಿದ್ದ ಹಾಗೆ ತೀರಿಕೊಂಡಾಗ ಮನೆಯ ಮೇಲೆ ಸಾಲವಿತ್ತು, ಮೂರು ಮಕ್ಕಳು ಓದುತ್ತಿದ್ದರು. ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟಾಯಿತು, ಯಾವುದನ್ನು ಮೊದಲು ತೀರಿಸಿದರೆ ಹೊರೆ ಇಳಿಯುತ್ತದೆ ಎಲ್ಲವೂ ಅವರ ತಲೆಯಲ್ಲೇ ಇರುತ್ತಿತ್ತು. ಸಾಲ ತೀರಿತು, ಮಕ್ಕಳು ದಡ ಸೇರಿದರು. ಆಮೇಲೂ ಒಂದು ಕಾಗದ ಮನೆಗೆ ಬಂದರೆ ಸಾಕು, ನನ್ನ ಕೈಗೆ ಕೊಟ್ಟು "ನಂಗೇನು ಗೊತ್ತಾಗುತ್ತೆ ಮಗಾ, ನಿಮ್ಮ ದೊಡ್ಡಪ್ಪ ಇದ್ದಿದ್ರೆ ನೋಡ್ಕೋತಿದ್ರು" ಅನ್ನುತ್ತಿದ್ದರು. "ಇಷ್ಟು ವರ್ಷ ನೋಡ್ಕೊಂಡೋರು ನೀವೇ ಅಲ್ವಾ ದೊಡ್ಡಮ್ಮ?" ಎಂದರೆ, "ಅದು ಹೆಂಗೋ ನಡ್ಕೊಂಡು ಹೋಯ್ತು ಬಿಡು" ಎಂಬ ಉತ್ತರ.

ಹೆಂಗೋ ನಡ್ಕೊಂಡು ಹೋಗಲಿಲ್ಲ. ಅವರು ನಡೆಸಿದರು. ಅವರ ಸ್ವಭಾವದಲ್ಲಿ ಯಾವ ಕೊರತೆಯೂ ಇರಲಿಲ್ಲ. ಅಚ್ಚುಕಟ್ಟುತನ, ಧೈರ್ಯ, ಜನರನ್ನು ಅರಿಯುವ ಶಕ್ತಿ ಎಲ್ಲ ಇತ್ತು. ಕೆಲಸವೂ ಕೈಗೂಡಿತ್ತು. ಆದರೆ ಆ ಕೆಲಸ ತನ್ನದು ಎಂದು ಅವರ ಮನಸ್ಸು ಒಪ್ಪಲೇ ಇಲ್ಲ. ತಿಳಿವಳಿಕೆ ಇಲ್ಲದವಳು ಎಂಬ ಹಳೆಯ ತೀರ್ಪಿಗೆ ಹೊಂದದ ಸಾಕ್ಷಿಯನ್ನೆಲ್ಲ ಅದೃಷ್ಟದ ಲೆಕ್ಕಕ್ಕೆ, ದೇವರ ಲೆಕ್ಕಕ್ಕೆ, ತೀರಿಹೋದ ಗಂಡನ ಪುಣ್ಯದ ಲೆಕ್ಕಕ್ಕೆ ಬರೆದುಬಿಟ್ಟರು. ಅವರಿಗೆ ಸಲ್ಲಬೇಕಾಗಿದ್ದ ಹೆಮ್ಮೆ ಅವರವರೆಗೆ ತಲುಪಲಿಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ.

ಅವರೊಬ್ಬರ ಕತೆ ಇದಾಗಿದ್ದರೆ ಬರೆಯುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞ ವಿಲಿಯಂ ಸ್ವಾನ್ 1980ರ ದಶಕದಿಂದ ಈ ಗಂಟನ್ನೇ ಬಿಡಿಸುತ್ತ ಬಂದವರು. ಮನುಷ್ಯನಿಗೆ ಹೊಗಳಿಕೆ ಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಹೊಗಳಿಕೆಯ ಜೊತೆಗೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅವನಿಗೆ ಬೇಕಾದದ್ದು ತನ್ನ ಬಗ್ಗೆ ತಾನು ನಂಬಿದ್ದು ನಿಜ ಎಂಬ ಖಾತರಿ ಎನ್ನುತ್ತಾರೆ ಅವರು. 1992ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನ ದಂಪತಿಗಳ ಕುರಿತದ್ದು. ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಇದ್ದವರು, ತಮ್ಮನ್ನು ಮೆಚ್ಚುವ ಸಂಗಾತಿಯೊಡನೆ ಹೆಚ್ಚು ಬೆಸೆದುಕೊಂಡಿದ್ದರು. ಅದು ನಿರೀಕ್ಷಿತವೇ. ತಮ್ಮ ಬಗ್ಗೆ ಕೀಳು ಅಭಿಪ್ರಾಯ ಇದ್ದವರಾದರೋ, ತಮ್ಮನ್ನು ಮೆಚ್ಚುವ ಸಂಗಾತಿಗಿಂತ ತಮ್ಮನ್ನು ಕಡೆಗಣಿಸುವ ಸಂಗಾತಿಗೇ ಹೆಚ್ಚು ಬದ್ಧರಾಗಿದ್ದರು.

ಈ ಮಾತನ್ನು ಮೊದಲ ಸಲ ಓದಿದಾಗ ನನಗೆ ಬಹಳ ಹೊತ್ತು ಬೇರೆ ಏನೂ ತೋಚಲಿಲ್ಲ. ಯಾಕೆ ಆ ಗೆಳತಿ ತನ್ನನ್ನು ಹಂಗಿಸುವವನ ಬಳಿಗೇ ಮರಳಿ ಹೋದಳು, ಯಾಕೆ ಆ ಜಾಣ ಹುಡುಗ ತನ್ನನ್ನು ಸದಾ ಬೈಯುವ ಮೇಲಧಿಕಾರಿಯ ಕೈಕೆಳಗೇ ಉಳಿದ, ಯಾಕೆ ಕೆಲವರು ಪ್ರೀತಿಯಿಂದ ಆಡಿದ ಮಾತನ್ನು ಕೇಳಿ ಮುದುಡಿಕೊಳ್ಳುತ್ತಾರೆ ಎಂಬುದಕ್ಕೆಲ್ಲ ಒಂದು ವಿವರಣೆ ಸಿಕ್ಕಿತು. ತೆಗಳಿಕೆ ಅವರಿಗೆ ಇಷ್ಟ ಎಂದು ಇದರ ಅರ್ಥವಲ್ಲ. ತೆಗಳುವವರ ಜೊತೆ ಲೋಕ ಪರಿಚಿತವಾಗಿರುತ್ತದೆ, ಮುಂದೇನು ಎಂಬುದು ಗೊತ್ತಿರುತ್ತದೆ. ಮೆಚ್ಚುವವರ ಜೊತೆ "ಇವರಿಗೆ ನನ್ನ ನಿಜ ಇನ್ನೂ ತಿಳಿದಿಲ್ಲ, ತಿಳಿದ ದಿನ ಬಿಟ್ಟು ಹೋಗುತ್ತಾರೆ" ಎಂಬ ಭಯ ಕಾಡುತ್ತದೆ. ಹೀಗೆ ತನ್ನ ಬಗೆಗಿನ ನೋಟ ಮನುಷ್ಯನ ಒಳಗೇ ಕುಳಿತಿರುವುದಿಲ್ಲ. ಅದು ಸಂಗಾತಿಯನ್ನು ಆರಿಸುತ್ತದೆ, ಕೆಲಸ ಆರಿಸುತ್ತದೆ, ಗೆಳೆಯರನ್ನು ಆರಿಸುತ್ತದೆ. ಆಮೇಲೆ ಆ ಸಂಗಾತಿ, ಆ ಕೆಲಸ, ಆ ಗೆಳೆಯರು ದಿನದಿನವೂ ಅದೇ ನೋಟಕ್ಕೆ ಸಾಕ್ಷಿ ಒದಗಿಸುತ್ತಾರೆ. ಸ್ವಭಾವಕ್ಕಿಂತ ಈ ಸುತ್ತು ಹೆಚ್ಚು ಗಟ್ಟಿ ಎಂದು ನನ್ನ ನಂಬಿಕೆ.

ಹಾಗಾದರೆ ಆ ನೋಟವನ್ನೇ ಎತ್ತರಿಸಿಬಿಟ್ಟರೆ ಆಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. ಒಂದು ಸರ್ಕಾರಕ್ಕೇ ತೋಚಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಜನರ ಆತ್ಮಗೌರವ ಹೆಚ್ಚಿಸುವುದಕ್ಕೆಂದೇ ಒಂದು ಕಾರ್ಯಪಡೆ ರಚಿಸಿತು. ಆತ್ಮಗೌರವ ಬೆಳೆಸಿದರೆ ಅಪರಾಧ, ಮಾದಕ ವ್ಯಸನ, ಶಾಲೆಯಲ್ಲಿ ಹಿಂದುಳಿಯುವಿಕೆ ಎಲ್ಲ ಕಡಿಮೆಯಾಗುತ್ತದೆ ಎಂಬ ಆಸೆ. 1990ರಲ್ಲಿ ವರದಿ ಬಂತು, ಶಾಲೆಗಳಲ್ಲಿ ಮಕ್ಕಳನ್ನು "ನೀನು ವಿಶೇಷ, ನೀನು ಅದ್ಭುತ" ಎಂದು ಹೊಗಳುವ ಅಲೆಯೇ ಎದ್ದಿತು. 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಮೂವರು ಸಂಗಡಿಗರು ಆವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದರು. ಆತ್ಮಗೌರವ ಹೆಚ್ಚಿದ್ದವರು ಹೆಚ್ಚು ಸಂತೋಷವಾಗಿದ್ದಾರೆ ಎಂಬುದು ಸ್ಪಷ್ಟವಾಗಿತ್ತು. ಆದರೆ ಅದರಿಂದ ಅಂಕಗಳು ಏರುತ್ತವೆ ಎನ್ನಲು ಆಧಾರ ಸಿಗಲಿಲ್ಲ. ಚೆನ್ನಾಗಿ ಓದಿದ್ದರಿಂದ ಆತ್ಮಗೌರವ ಬಂದಿರುವ ಸಾಧ್ಯತೆಯೇ ಹೆಚ್ಚು ಕಂಡಿತು.

ಕನ್ನಡಿಯ ಮುಂದೆ ನಿಂತು ನಾನು ಶ್ರೇಷ್ಠ ಎಂದು ದಿನಾ ಹೇಳಿಕೊಳ್ಳಿ ಎಂಬ ಉಪದೇಶ ಇನ್ನೂ ಚಾಲ್ತಿಯಲ್ಲಿದೆ. ಒಳ್ಳೆಯ ಮನಸ್ಸಿನಿಂದ ಹೇಳುವವರೇ ಹೆಚ್ಚು, ಆದರೂ ನನಗೆ ಅದರ ಬಗ್ಗೆ ಕಳವಳವಿದೆ. ಜೋನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ "ನಾನು ಪ್ರೀತಿಗೆ ಅರ್ಹ ವ್ಯಕ್ತಿ" ಎಂಬ ವಾಕ್ಯವನ್ನು ಜನ ತಮಗೆ ತಾವೇ ಹೇಳಿಕೊಳ್ಳಬೇಕಿತ್ತು. ಮೊದಲೇ ಆತ್ಮಗೌರವ ಚೆನ್ನಾಗಿದ್ದವರಿಗೆ ಸ್ವಲ್ಪ ಹಿತವೆನಿಸಿತು. ಅದು ಕಡಿಮೆ ಇದ್ದವರು, ಅಂದರೆ ಆ ಉಪದೇಶ ಯಾರಿಗಾಗಿ ಇದೆಯೋ ಅವರು, ಮೊದಲಿಗಿಂತ ಹೆಚ್ಚು ಕುಗ್ಗಿದರು. ಸ್ವಾನ್ ಹೇಳಿದ್ದನ್ನು ನೆನೆದರೆ ಇದು ಅರ್ಥವಾಗುತ್ತದೆ. ಒಳಗಿನ ತೀರ್ಪಿಗೆ ವಿರುದ್ಧವಾದ ವಾಕ್ಯವನ್ನು ಎದುರಿಗಿಟ್ಟ ಕೂಡಲೇ ಮನಸ್ಸು ವಕೀಲನಾಗುತ್ತದೆ. ಹಾಗಲ್ಲ ಎನ್ನಲು ಹತ್ತು ಹಳೆಯ ಘಟನೆಗಳನ್ನು ಹೊರಗೆಳೆಯುತ್ತದೆ.

ವಾದದಲ್ಲಿ ಆ ವಕೀಲನನ್ನು ಗೆಲ್ಲುವುದು ಕಷ್ಟ. ಕೆಲಸ ಮಾಡಿ ತೋರಿಸಿದರೆ ಅವನ ಬಾಯಿ ಕಟ್ಟುತ್ತದೆ. ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ವಿಚಾರದ ತಿರುಳು ಅದೇ. ಒಂದು ನಿರ್ದಿಷ್ಟ ಕೆಲಸವನ್ನು ನಾನು ಮಾಡಬಲ್ಲೆ ಎಂಬ ನಂಬಿಕೆ ನಾಲ್ಕು ಕಡೆಯಿಂದ ಹುಟ್ಟುತ್ತದೆ ಎಂದರು ಅವರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಂಡದ್ದು, ಇತರರ ಹುರಿದುಂಬಿಕೆ, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದಕ್ಕೇ ಬಲ ಹೆಚ್ಚು. ಹಾವೆಂದರೆ ನಡುಗುವವರ ಜೊತೆ ಅವರ ತಂಡ ಕೆಲಸ ಮಾಡಿತ್ತು. ಬೇರೆಯವರು ಹಾವು ಮುಟ್ಟುವುದನ್ನು ನೋಡಿದವರಿಗಿಂತ, ಜೊತೆಗೊಬ್ಬರ ನೆರವಿನಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಹೋಗಿ ಕೊನೆಗೆ ತಾವೇ ಮುಟ್ಟಿದವರಲ್ಲಿ ನಂಬಿಕೆ ಹೆಚ್ಚು ಬೆಳೆಯಿತು. ನಾನು ಧೈರ್ಯವಂತ ಎಂದು ಅವರು ಮೊದಲು ನಂಬಬೇಕಾಗಿರಲಿಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ಸಾಕಿತ್ತು. ನಂಬಿಕೆ ಹಿಂದಿನಿಂದ ಬಂತು.

ಸ್ವಭಾವವನ್ನೇ ಸ್ವಲ್ಪ ತಿದ್ದಿಕೊಳ್ಳಬೇಕೆನ್ನುವವರ ವಿಷಯದಲ್ಲೂ ಇದೇ ಕಂಡಿದೆ. ನೇಥನ್ ಹಡ್ಸನ್ ಮತ್ತು ಸಂಗಡಿಗರ 2019ರ ಅಧ್ಯಯನದಲ್ಲಿ ವಿದ್ಯಾರ್ಥಿಗಳು 15 ವಾರ ತಮಗೆ ಬೇಕಾದ ಗುಣಕ್ಕೆ ತಕ್ಕ ಸಣ್ಣ ಸಣ್ಣ ಕೆಲಸಗಳನ್ನು ವಾರವಾರ ಆರಿಸಿಕೊಂಡರು, ಅಪರಿಚಿತರನ್ನು ಮಾತಾಡಿಸುವುದು, ಮುಂದೂಡಿದ್ದ ಕೆಲಸ ಮುಗಿಸುವುದು ಇತ್ಯಾದಿ. ಮಾಡಿದವರ ಗುಣ ಅಷ್ಟಿಷ್ಟು ಬದಲಾಯಿತು. ಆರಿಸಿಕೊಂಡು ಮಾಡದೆ ಬಿಟ್ಟವರಿಗೆ ಆ ಲಾಭ ಸಿಗಲಿಲ್ಲ. ಬದಲಾಗಬೇಕೆಂಬ ಆಸೆಯೊಂದರಿಂದಲೇ ಬದಲಾವಣೆ ಬರುವುದಿಲ್ಲ.

ಆದರೆ ದೊಡ್ಡಮ್ಮ ಮಾಡಿ ತೋರಿಸಿದ್ದರು, ಆದರೂ ನೋಟ ಬದಲಾಗಲಿಲ್ಲವಲ್ಲ? ಈ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಮಾಡುವುದರ ಜೊತೆಗೆ, ಮಾಡಿದವಳು ನೀನೇ ಎಂದು ವಿವರವಾಗಿ ಹೇಳುವವರು ಬೇಕು ಎಂಬುದೇ ನನಗೆ ಹೊಳೆದ ಉತ್ತರ. ಒಳಗಿನ ಆತಂಕ, ಅಳುಕು ಎಷ್ಟಿದೆ ಎಂಬುದು ನಮಗೇ ಚೆನ್ನಾಗಿ ಗೊತ್ತು, ಆದರೆ ಬುದ್ಧಿವಂತಿಕೆ, ಸೃಜನಶೀಲತೆಗಳಂಥ ಗುಣಗಳನ್ನು ನಮಗಿಂತ ನಮ್ಮ ಆಪ್ತರು ಸರಿಯಾಗಿ ಅಳೆಯಬಲ್ಲರು ಎಂದು ಸಿಮಿನ್ ವಜೀರ್ 2010ರಲ್ಲಿ ತೋರಿಸಿದ್ದಾರೆ. ನಿಮ್ಮ ಬುದ್ಧಿಯ ಬಗ್ಗೆ ನಿಮ್ಮ ಗೆಳೆಯರ ಮಾತನ್ನು ನಂಬಿ ಎಂದಾಯಿತು. ಅದೂ "ನೀನು ಜಾಣೆ" ಎಂಬ ಬರಿ ಮಾತು ಸಾಲದು. ಯಾವ ದಿನ, ಯಾವ ಸಂಕಟದಲ್ಲಿ, ಏನು ಯೋಚಿಸಿ ಏನು ಮಾಡಿದೆ ಎಂದು ಬಿಡಿಸಿ ಹೇಳಿದರೆ ಅಲ್ಲಗಳೆಯುವುದು ಕಷ್ಟ. ಮಕ್ಕಳಿಗಂತೂ ಹೀಗೇ ಹೇಳಬೇಕು. ಗುಣಕ್ಕೆ ಹೆಸರಿಡುವುದು ಬೇಡ, ಅದು ಹೊಗಳಿಕೆಯ ಹೆಸರಾದರೂ ಸರಿ.

ಸೋತಾಗ ತನ್ನೊಡನೆ ತಾನು ಹೇಗೆ ಮಾತಾಡಿಕೊಳ್ಳಬೇಕು ಎಂಬುದೂ ಇದಕ್ಕೇ ಸೇರಿದ್ದು. ತನ್ನನ್ನು ಬೈದುಕೊಳ್ಳದಿದ್ದರೆ ಸೋಮಾರಿಯಾಗುತ್ತೇನೆ ಎಂಬ ಹೆದರಿಕೆ ಬಹಳ ಜನಕ್ಕಿದೆ. ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದರ ಫಲಿತಾಂಶ ಅದಕ್ಕೆ ತಿರುಗಾಮುರುಗಾ ಇದೆ: ಪರೀಕ್ಷೆಯಲ್ಲಿ ಎಡವಿದ ಮೇಲೆ ತಮ್ಮ ಬಗ್ಗೆ ಕರುಣೆಯಿಂದ ಯೋಚಿಸುವಂತೆ ಹೇಳಿಸಿಕೊಂಡ ವಿದ್ಯಾರ್ಥಿಗಳು, ಮರುಪರೀಕ್ಷೆಗೆ ಉಳಿದವರಿಗಿಂತ ಹೆಚ್ಚು ಹೊತ್ತು ಓದಿದರು.

ಒಂದು ಮಾತನ್ನು ಗಟ್ಟಿಯಾಗಿ ಹೇಳದೆ ಮುಂದೆ ಹೋಗಲಾರೆ. ಎಲ್ಲವೂ ಮನಸ್ಸಿನಲ್ಲಿದೆ, ನೋಟ ಬದಲಿಸಿದರೆ ಬದುಕು ಬದಲಾಗುತ್ತದೆ ಎಂದು ಬಡತನದಲ್ಲಿ, ಕಾಯಿಲೆಯಲ್ಲಿ, ಅವಮಾನದಲ್ಲಿ ಬೇಯುತ್ತಿರುವವರಿಗೆ ಹೇಳುವುದು ಕ್ರೂರ. ಮನುಷ್ಯ ಎಂಥ ಪೆಟ್ಟಿಗೂ ಒಗ್ಗಿಕೊಂಡು ಮತ್ತೆ ಮೊದಲಿನಷ್ಟೇ ಸುಖಿಯಾಗುತ್ತಾನೆ ಎಂಬ ಮಾತಿಗೆ 1978ರ ಒಂದು ಅಧ್ಯಯನವನ್ನು ಆಧಾರವಾಗಿ ತೋರಿಸುವುದುಂಟು. ಅದರಲ್ಲಿ ಲಾಟರಿ ಗೆದ್ದ 22 ಜನ ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಸಂತೋಷವಾಗೇನೂ ಇರಲಿಲ್ಲ ನಿಜ. ಆದರೆ ಅಪಘಾತದಲ್ಲಿ ಅಂಗಸ್ವಾಧೀನ ಕಳೆದುಕೊಂಡ 29 ಜನರ ಸಂತೋಷ ಇತರರಿಗಿಂತ ಕಡಿಮೆಯೇ ಇತ್ತು. ಈ ಎರಡನೆಯ ಭಾಗವನ್ನು ಹೇಳುವವರು ಕಡಿಮೆ. ದೀರ್ಘಕಾಲದ ಅಂಗವೈಕಲ್ಯವಾದವರ ಮೇಲಿನ ನಂತರದ ಅಧ್ಯಯನಗಳೂ ಆ ನೋವು ಪೂರ್ತಿ ಮಾಯುವುದಿಲ್ಲ ಎಂದೇ ಹೇಳುತ್ತವೆ. ಸ್ವಭಾವ, ನೋಟ ಇವಕ್ಕೆ ಬಲವಿದೆ, ಆದರೆ ಹೊರಗಿನ ಅನ್ಯಾಯವನ್ನು ತೊಡೆದುಹಾಕುವ ಬಲ ಅವಕ್ಕಿಲ್ಲ. ಎಷ್ಟೋ ಜನರ ಕೀಳರಿಮೆ ಅವರಿಗೆ ಹೊರಗಿನಿಂದ ಹೊರಿಸಿದ್ದು. ಅಲ್ಲಿ ತಿದ್ದಬೇಕಾದದ್ದು ಹೊರಿಸಿದವರನ್ನು.

ಇನ್ನೂ ಒಂದು ಎಚ್ಚರ ಬೇಕು, ಏನನ್ನು ಬದಲಿಸಬಾರದು ಎನ್ನುವ ಎಚ್ಚರ. ಬಹಿರ್ಮುಖಿಗಳು ಹೆಚ್ಚು ಸಂತೋಷವಾಗಿರುತ್ತಾರೆ ಎಂದು ತಿಳಿದ ಕೂಡಲೇ ಮೌನಿಗಳನ್ನೆಲ್ಲ ಮಾತಿಗೆಳೆಯುವ ಉತ್ಸಾಹ ಕೆಲವರಿಗೆ ಬರುತ್ತದೆ. 2019ರ ಒಂದು ಪ್ರಯೋಗದಲ್ಲಿ ಜನರಿಗೆ ಒಂದು ವಾರ ಬಹಿರ್ಮುಖಿಗಳಂತೆ ನಡೆದುಕೊಳ್ಳಲು ಹೇಳಿದರು. ಒಟ್ಟಾರೆ ನೋಡಿದರೆ ಉಲ್ಲಾಸ ಹೆಚ್ಚಿತು. ಹೆಚ್ಚು ಅಂತರ್ಮುಖಿಗಳಾಗಿದ್ದವರಿಗೆ ಮಾತ್ರ ಆ ಲಾಭ ಅಷ್ಟಾಗಿ ಸಿಗಲಿಲ್ಲ, ದಣಿವಾಯಿತು, ತಾವು ತಾವಾಗಿಲ್ಲ ಎನ್ನಿಸಿತು. "ನಾನು ಮಾತು ಕಡಿಮೆ" ಎಂಬುದು ನಿಜವಾದ ವರ್ಣನೆಯಾಗಿರಬಹುದು. "ಮಾತು ಕಡಿಮೆ, ಅದಕ್ಕೇ ನಾನು ಯಾರಿಗೂ ಬೇಡ" ಎಂಬುದು ತೀರ್ಪು. ಮೊದಲನೆಯದನ್ನು ಒಪ್ಪಿಕೊಂಡು ಅದಕ್ಕೆ ತಕ್ಕ ಕೆಲಸ, ತಕ್ಕ ಗೆಳೆತನ ಹುಡುಕಿಕೊಳ್ಳಬಹುದು. ನಾನು ತುಂಬಿದ ಸಭೆಯಲ್ಲಿ ಮಾತಾಡುವವನಲ್ಲ. ಹೇಳಬೇಕಾದದ್ದನ್ನು ಸಭೆಗೆ ಮೊದಲೇ ಬರೆದು ಕಳಿಸುತ್ತೇನೆ, ಓದಿದವರು ಅಲ್ಲಿ ಅದರ ಬಗ್ಗೆ ಚರ್ಚಿಸುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ.